ಜೂನ್ ಒಂದರಂದು ಹುಟ್ಟಿದವಳು

ನೆಲೋಗಿಯಿಂದಾಚೆ, ಬಸ್ಸು ದಿನಕ್ಕೆ ಎರಡೇ ಸಲ ಮುಖ ತೋರಿಸುವ ಆ ಸಣ್ಣ ಊರಿನಲ್ಲಿ ಅರ್ಧಕ್ಕರ್ಧ ಜನ ಜೂನ್ ಒಂದರಂದೇ ಹುಟ್ಟಿದ್ದಾರೆ. ನಗಬೇಡಿ, ಶಾಲೆಯ ದಾಖಲಾತಿ ಪುಸ್ತಕ ತೆಗೆದು ನೋಡಿ. ಹೆತ್ತವರಿಗೆ ತಾರೀಖು ನೆನಪಿರುತ್ತಿರಲಿಲ್ಲ, ಮೇಷ್ಟ್ರುಗಳು ಶಾಲೆ ತೆರೆಯುವ ದಿನವನ್ನೇ ಬರೆದು ಕೈತೊಳೆದುಕೊಳ್ಳುತ್ತಿದ್ದರು. ವಜೀರುನ್ನಿಸಾ ಟೀಚರೂ ಹಾಗೇ ಬರೆದವರು. ಕೈತೊಳೆದುಕೊಳ್ಳುವುದು ಮಾತ್ರ ಅವರಿಗೆ ಬರುತ್ತಿರಲಿಲ್ಲ.

ಬಂದ ಮೊದಲ ವರ್ಷವೇ ಅವರು ಪೇಂಟರನ್ನು ಕರೆಸಿ ಶಾಲೆಯ ಗುರಿಗಳನ್ನು ಗೋಡೆಗೆ ಬರೆಸಿದ್ದರು. ಮೇಲಿನಿಂದ ಬಂದ ಸುತ್ತೋಲೆಯಲ್ಲಿ ‘ಸರ್ವಾಂಗೀಣ ವಿಕಾಸ’ ಎಂಬಂಥ, ಮಕ್ಕಳ ನಾಲಿಗೆ ತಿರುಗದ ಮಾತುಗಳಿದ್ದವು. ಅವನ್ನು ಬದಿಗಿಟ್ಟು ತಮ್ಮದೇ ಸಾದಾ ಮಾತು ಹಾಕಿಸಿದರು: ಊರಿನ ಒಂದು ಮಗುವೂ ಶಾಲೆಯ ಹೊರಗೆ ಉಳಿಯಬಾರದು. ತಿಳಿಯದ್ದನ್ನು ಕೇಳಬೇಕು. ಖರೆ ಮಾತೇ ಆಡಬೇಕು. ಕಲಿತು ನಮ್ಮ ಕಾಲ ಮೇಲೆ ನಾವು ನಿಲ್ಲಬೇಕು. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಇದನ್ನು ಗಂಟಲು ಹರಿಯುವಂತೆ ಕೂಗುತ್ತಿದ್ದರು.

ಹನ್ನೆರಡು ವರ್ಷದ ಹಿಂದೆ ದೌಲತರಾಯನ ಹಿರಿಯ ಮಗಳು ಅಂಬಿಕಾ ತಂಗಿ ಸೃಷ್ಟಿಯನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಂದಳು. ಅಂಬಿಕಾಗೆ ಏಳು, ಸೃಷ್ಟಿಗೆ ನಾಲ್ಕು. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುವವರು. ಊರಿಗೆ ಅಂಗನವಾಡಿ ಇನ್ನೂ ಬಂದಿರಲಿಲ್ಲ. ತಂಗಿಯನ್ನು ಬಿಟ್ಟು ಅಕ್ಕ ಬರುವಂತಿಲ್ಲ, ಆರು ತುಂಬದೆ ಹೆಸರು ಬರೆಯುವಂತಿಲ್ಲ, ಪುಸ್ತಕದಲ್ಲಿ ಹೆಸರಿಲ್ಲದ ತಂಗಿಗೆ ಬಿಸಿಯೂಟವಿಲ್ಲ. ಟೀಚರ್ ಒಮ್ಮೆ ಗೋಡೆಯ ಮೊದಲ ಸಾಲು ನೋಡಿದರು, ಪೆನ್ನು ತೆಗೆದು ಸೃಷ್ಟಿಯ ಹೆಸರಿನ ಮುಂದೆ 1-6-2007 ಎಂದು ಬರೆದರು. ಒಂದೇ ಗಳಿಗೆಯಲ್ಲಿ ಮಗು ಎರಡು ವರ್ಷ ಬೆಳೆಯಿತು. ಆ ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಅದು ಅನ್ನ ಉಂಡಿದ್ದನ್ನು ನೋಡಿ ಅವರಿಗೆ ಹೊಟ್ಟೆ ತುಂಬಿದಂತಾಗಿತ್ತು.

ಅಂಬಿಕಾ ಏಳನೇ ತರಗತಿಗೇ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದಳು. ಸೃಷ್ಟಿ ಬಿಡಲಿಲ್ಲ. ತನಗಿಂತ ಗೇಣು ಎತ್ತರದ ಹುಡುಗಿಯರ ನಡುವೆ ಕೂತು ಓದಿದಳು, ಜೇವರ್ಗಿಗೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಪಿಯುಸಿ ಮುಗಿಸಿದಳು. ಕಲಬುರಗಿಯಲ್ಲಿ ನರ್ಸಿಂಗ್ ಕಲಿಯಬೇಕೆಂದು ಅರ್ಜಿಯನ್ನೂ ತುಂಬಿದ್ದಳು. ಅಷ್ಟರಲ್ಲಿ ಅಫಜಲಪುರ ಕಡೆಯ ವರ ಗೊತ್ತಾದ. ಕಳೆದ ಮೇ ತಿಂಗಳ ಒಂದು ಸಂಜೆ ಅವಳು ಟೀಚರ ಮನೆಗೆ ಓಡಿ ಬಂದಳು.

“ಅಕ್ಕೋರೆ, ಜೂನ್ ಐದಕ್ಕ ಲಗ್ನ ಹಿಡದಾರ್ರಿ. ನಾ ಕಲೀತೇನ್ರಿ. ನೀವು ಹೇಳಿದ್ರ ಅಪ್ಪ ಕೇಳ್ತಾನ.”

ಟೀಚರ್ ಹೇಳಿ ನೋಡಿದರು, ದೌಲತರಾಯ ಕೇಳಲಿಲ್ಲ. ಕೊನೆಗೆ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಜೂನ್ ಎರಡರಂದು ಅಧಿಕಾರಿ ಟೀಚರನ್ನೂ ಕರೆದುಕೊಂಡು ಮನೆಗೆ ಬಂದಾಗ ದೌಲತರಾಯ ಹೆದರಲಿಲ್ಲ, ಅಂಕಪಟ್ಟಿ, ಆಧಾರ್, ಟಿಸಿ ಎಲ್ಲವನ್ನೂ ತಂದು ಮುಂದಿಟ್ಟ.

“ನಿನ್ನೆ ಒಂದನೇ ತಾರೀಖಿಗೆ ಹದಿನೆಂಟು ತುಂಬ್ಯಾವ್ರಿ. ಅದಕ್ಕಂತೇ ತಡದೀನಿ. ಕಾಯ್ದೆ ಪ್ರಕಾರನೇ ಮಾಡಾಕತ್ತೇನ್ರಿ.”

ಆ ತಾರೀಖು ತಮ್ಮದೇ ಎಂದು ಒಪ್ಪಿದರೆ ಟೀಚರ ನೌಕರಿಗೇ ಕುತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆದರೂ ಎದ್ದು ನಿಂತರು.

“ಸಾಹೇಬ್ರೆ, ಆ ತಾರೀಖು ಸುಳ್ಳದರಿ. ನಾನೇ ಬರದೀನಿ. ಹುಡುಗಿಗೆ ಈಗ ಹದಿನಾರು.”

ದೌಲತರಾಯ ಅವರತ್ತ ಮಿಕಿಮಿಕಿ ನೋಡಿದ. “ಹಾಂಗಂದ್ರ ಹ್ಯಾಂಗ್ರಿ ಅಕ್ಕೋರೆ? ನಾವು ಕಲ್ತವರಲ್ಲ, ವರ್ಸ ಎಣಿಸಿದವರಲ್ಲ. ನೀವು ಬರದಿದ್ದೇ ನಮಗ ಖರೆ.”

ಅವನು ನಾಟಕವಾಡುತ್ತಿರಲಿಲ್ಲ. ಅದೇ ಅವರ ಎದೆಗೆ ಇರಿದದ್ದು. ಸೃಷ್ಟಿಯ ಅವ್ವ ಬಾಗಿಲಿನ ಹಿಂದೆ ಸೆರಗು ಕಚ್ಚಿ ನಿಂತಿದ್ದಳು. ಅಧಿಕಾರಿ ಒಳ್ಳೆಯ ಮನುಷ್ಯ. ಟೀಚರ ಹೇಳಿಕೆಯನ್ನು ಬರೆಸಿಕೊಂಡ. ಆದರೆ ದಾಖಲೆ ತಿದ್ದಬೇಕಾದರೆ ಕೋರ್ಟಿಗೆ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಕಾಗದದಲ್ಲಿದ್ದದ್ದೇ ವಯಸ್ಸು ಎಂದ. ಮೂರು ದಿನದಲ್ಲಿ ಯಾವ ಕೋರ್ಟು ಏಳುತ್ತದೆ?

ಲಗ್ನ ಮುಗಿದು ಗಂಡನ ಮನೆಗೆ ಹೋಗುವ ದಿನ ಸೃಷ್ಟಿ ಅರಿಶಿನದ ಮೈಯಲ್ಲೇ ಬಂದು ಅವರ ಕಾಲು ಮುಟ್ಟಿದಳು. “ಅಳಬ್ಯಾಡ್ರಿ ಅಕ್ಕೋರೆ. ನೀವು ಅವತ್ತ ಬರಕೊಳ್ಳಲಿಲ್ಲಂದ್ರ ನಾ ಸಾಲಿ ಮಾರಿನೇ ನೋಡ್ತಿರಲಿಲ್ಲ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಮುಂದಿನ ವಾರ ಅದೇ ಊರಿನ ಪ್ಯಾರಿಬಿ ತನ್ನ ಐದು ವರ್ಷದ ಮೊಮ್ಮಗಳು ಮೆಹನಾಜಳನ್ನು ಕರೆತಂದಳು. ಊರಿಗೆ ಬಂದ ಅಂಗನವಾಡಿಯ ಬಾಗಿಲಿಗೆ ನಾಲ್ಕು ತಿಂಗಳಿಂದ ಬೀಗ. “ಇದಕ್ಕೂ ಒಂದ್ ವರ್ಸ ಹೆಚ್ಚಿಗಿ ಬರ್ಕೊಳ್ರಿ ಅಕ್ಕೋರೆ, ಪುಣ್ಯಾ ಬರ್ತದ,” ಎಂದಳು.

“ಇಲ್ಲ ಖಾಲಾ. ಹೆಸರು ಮುಂದಿನ ವರ್ಷ ಬರೀತೇನಿ. ಹುಡುಗಿ ಮಾತ್ರ ಇವತ್ತಿನಿಂದನೇ ಕೂಡ್ಲಿ.”

ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಮೆಹನಾಜಳಿಗೆ ತಟ್ಟೆ ಇರಲಿಲ್ಲ. ವಜೀರುನ್ನಿಸಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಡಬ್ಬಿ ಬಿಚ್ಚಿದರು. ಜೋಳದ ರೊಟ್ಟಿ ಮುರಿದು ಅವಳ ಅಂಗೈಯಲ್ಲಿಟ್ಟರು. ಮಗು ತಿನ್ನತೊಡಗಿತು. ಸೃಷ್ಟಿಯ ತಾರೀಖು ಬರೆದ ದಿನವೂ ಈ ಡಬ್ಬಿ ಅವರ ಕೈಯಲ್ಲೇ ಇತ್ತು, ಅದರಲ್ಲಿ ಎರಡು ರೊಟ್ಟಿಯೂ ಇದ್ದವು.