ಎರಡು ಕಿಲೋ ಹೆಚ್ಚಿದ ತೂಕ

ಗೆಳೆಯರೇ, ಇವತ್ತು ಬೆಳಿಗ್ಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇಲ್ಲಿ ಮಲೇಷ್ಯಾದ ಮೆಲಾಕಾ ಊರಿನ ಜಿಮ್ ಒಂದರಲ್ಲಿ ನನ್ನ ಹೆಂಡತಿ ಸುಮತಿ ಮೂರು ತಿಂಗಳಿಂದ ಭಾರ ಎತ್ತುತ್ತಿದ್ದಾಳೆ. ಮನೆಯಲ್ಲಿ ತೂಕದ ಯಂತ್ರದ ಮೇಲೆ ನಿಂತವಳ ಹಿಂದಿನಿಂದ ಇಣುಕಿ, "ಎರಡು ಕಿಲೋ ಜಾಸ್ತಿ ಆಯ್ತಲ್ಲ! ಜಿಮ್‌ಗೆ ಹೋಗಿ ಕೊಬ್ಬು ತಂದ್ಯಾ?" ಎಂದು ನಕ್ಕೆ.

ಅವಳು ನಗಲಿಲ್ಲ. ಹಳೆಯ ಪ್ಯಾಂಟಿನ ಸೊಂಟ ಹಿಡಿದೆಳೆದು ತೋರಿಸಿದಳು. ನನ್ನ ಕೈ ತೂರುವಷ್ಟು ಸಡಿಲವಾಗಿತ್ತು.

"ಇದು ಮಸಲ್ ಮಾರಾಯ್ರೆ. ನಿಮಗೆ ಯಂತ್ರದ ಮುಳ್ಳು ಮಾತ್ರ ಕಾಣ್ತದೆ."

ಕ್ಷಮೆ ಕೇಳಿದೆ. "ಪರವಾಗಿಲ್ಲ" ಎಂದಳು. ಆದರೆ ಜಿಮ್ ಶುರುವಾದಾಗಿನಿಂದ ದಿನಾ ತಿಂಡಿಗೆ ತಿನ್ನುತ್ತಿದ್ದ ಮೊಟ್ಟೆ ಮುಟ್ಟಲಿಲ್ಲ, ಜಿಮ್‌ಗೂ ಹೋಗಲಿಲ್ಲ.

ಅಂದಹಾಗೆ, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ನಾನು ಫಿಸಿಯಾಲಜಿ ಮೇಷ್ಟ್ರು. ಇವತ್ತಿನ ಪಾಠ ಸ್ನಾಯುಗಳ ಬಗ್ಗೆಯೇ ಇತ್ತು.