ಸ್ಲೇಟಿನ ಮೇಲಿನ ಇಲಿಗಳು

ಹೊಸಪೇಟೆಯ ಶಾಲೆಗೆ ನಾನು ಇಂಗ್ಲಿಷ್ ಮಾಸ್ತರನಾಗಿ ಬಂದ ಮೊದಲ ವರ್ಷ ಅದು. ಕ್ರಿಯಾವಿಶೇಷಣ ಕಲಿಸಲು ನನ್ನದೇ ಒಂದು ಪದ್ಧತಿಯಿತ್ತು. ಪುಸ್ತಕದ ವಾಕ್ಯ ಬರೆದವನಿಗೆ ಸೊನ್ನೆ. ಮನೆಯಲ್ಲಿ ಕಣ್ಣಾರೆ ಕಂಡದ್ದನ್ನು ಬರೆದು, ಅದು ಹೇಗೆ ನಡೆಯಿತೆಂದು ಒಂದು ಪದದಲ್ಲಿ ಹೇಳಬೇಕು.

ಅಂದು ಚಿತ್ತವಾಡ್ಗಿಯ ಹುಡುಗನೊಬ್ಬ, ಇಲಿ 'ಸ್ಲೋಲಿ' ನಡೆಯಿತು ಎಂದು ಸ್ಲೇಟಿನ ಮೇಲೆ ಬರೆದು ತಂದ. ಇಲಿ ಎಲ್ಲಾದರೂ ನಿಧಾನವಾಗಿ ನಡೆಯುತ್ತದೆಯೇ ಎಂದು ರೇಗಿ, 'ಕ್ವಿಕ್ಲಿ' ಎಂದು ತಿದ್ದಿದೆ. ಅವನ ಓಣಿಯವನೇ ಆದ ಇನ್ನೊಬ್ಬನ ಇಲಿ ಜಂತಿಯಿಂದ 'ಸಡನ್ಲಿ' ಬಿದ್ದಿತ್ತು. ಮೂರನೆಯವನದು ಹಾಡಹಗಲೇ ಒಲೆಯ ಪಕ್ಕ 'ಕ್ವಯಟ್ಲಿ' ಮಲಗಿತ್ತು. ವ್ಯಾಕರಣ ಸರಿಯಿತ್ತು. ಆದರೆ ಮೂವರೂ ನಕಲು ಹೊಡೆದಿದ್ದಾರೆಂದು ನನಗೆ ಸಿಟ್ಟು ನೆತ್ತಿಗೇರಿತು. ಬೆಂಚಿನ ಮೇಲೆ ನಿಲ್ಲಿಸಿದೆ.

ಮೊದಲನೆಯವನು ತಲೆ ತಗ್ಗಿಸಿ ಹೇಳಿದ: "ನಕಲು ಅಲ್ರಿ ಮಾಸ್ತರ. ಅದು ಖರೇನ ಮೆಲ್ಲಕ ನಡೀತಿತ್ರಿ. ಯಾರ ಮುಂದೂ ಹೇಳಬ್ಯಾಡ ಅಂದಾಳ್ರಿ ನಮ್ಮವ್ವ. ಇಂಗ್ಲಿಷಿನ್ಯಾಗ ಬರದ್ರ ಯಾರಿಗೂ ತಿಳಿಯಂಗಿಲ್ಲ ಅಂದ್ಕೊಂಡಿದ್ದೆ."

ಅದು ಪ್ಲೇಗಿನ ಕಾಲ. ರೋಗ ತಗುಲಿದ ಇಲಿ ಸಾಯುವ ಮುನ್ನ ಹೀಗೇ ಓಡಲಾರದೆ ಮೆಲ್ಲಗೆ ನಡೆಯುತ್ತಿತ್ತು. ಇಲಿ ಸತ್ತು ಬಿದ್ದ ಸುದ್ದಿ ಹೊರಬಿದ್ದರೆ ಮನೆಗೆ ಬೀಗ ಹಾಕಿಸಿ, ಮನೆಮಂದಿಯನ್ನೆಲ್ಲ ಊರಾಚೆಯ ಗುಡಿಸಲುಗಳಿಗೆ ಕಳಿಸುತ್ತಿದ್ದರು. ಅದಕ್ಕೇ ಜನ ಬಾಯಿ ಬಿಡುತ್ತಿರಲಿಲ್ಲ. ಒಂದೇ ಓಣಿಯ ಮೂರು ಮನೆಗಳ ಸುದ್ದಿ ಬೆಳಗಿನಿಂದ ನನ್ನ ಮೇಜಿನ ಮೇಲಿತ್ತು. ನಾನು ಅದರ ವ್ಯಾಕರಣ ನೋಡುತ್ತ ಕೂತಿದ್ದೆ.

ಮೂವರನ್ನೂ ಕೆಳಗಿಳಿಸಿದೆ. ನಾನು ತಿದ್ದಿದ್ದನ್ನು ಅಂಗೈಯಿಂದ ಅಳಿಸಿ, ಹುಡುಗನ ಪದವನ್ನೇ ಮತ್ತೆ ಬರೆದೆ. ಆಗ ನಮ್ಮ ತಲೆಯ ಮೇಲೆ, ಶಾಲೆಯ ಜಂತಿಯ ಗುಂಟ, ಏನೋ ಬಹಳ ನಿಧಾನವಾಗಿ ನಡೆದುಹೋಗುವ ಸದ್ದು ಕೇಳಿಸಿತು.