ತಲೆಕೆಳಗಾದ ಕಲ್ಲುಹೂವು

ಭೂವಿಜ್ಞಾನ ವಿಭಾಗದ ನೆಲಮಾಳಿಗೆಗೆ ಕಸ ಗುಡಿಸಲು ಬಂದವಳು, ಮೂವತ್ತು ವರ್ಷದಲ್ಲಿ ಕಲ್ಲು ಸೀಳುವುದರಲ್ಲಿ ಎತ್ತಿದ ಕೈಯಾದಳು. ಬಂಡೆಯ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಸಾಣೆ ಹಿಡಿಯುವುದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ; ಕೆಡಿಸಿದ ಕಲ್ಲುಗಳೇ ಕಲಿಸಿದವು. ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಅವಳು ಸಾಣೆಯಕ್ಕ.

ಅಂಟಿಸುವ ಮುನ್ನ ಪ್ರತಿ ಬಿಲ್ಲೆಯ ಬಲ ಮೇಲ್ಮೂಲೆಗೆ ಅವಳೊಂದು ಕಚ್ಚು ಹಾಕುತ್ತಿದ್ದಳು. ಕಲ್ಲಿನ ಯಾವ ಮಗ್ಗುಲು ಮೇಲಿತ್ತೆಂಬುದಕ್ಕೆ ಅದೇ ಸಾಕ್ಷಿ.

ಒಂದು ಬೆಳಿಗ್ಗೆ, ಬೆಟ್ಟದಿಂದ ಕಲ್ಲು ತಂದುಕೊಟ್ಟಿದ್ದ ವಿಭಾಗದ ಮೇಷ್ಟ್ರು ಗಾಜಿನ ಪಟ್ಟಿ ಹಿಡಿದು ದಡದಡ ಮೆಟ್ಟಿಲಿಳಿದು ಬಂದರು.

“ಅಕ್ಕಾ, ಇದನ್ನ ಮಗುಚಿ ಅಂಟಿಸಿಬಿಟ್ಟಿದ್ದೀರಿ. ಕನ್ನಡಕ ಬದಲಾಯಿಸ್ಕೊಳ್ಳಿ.”

ಅವಳಿಗೆ ಪಿತ್ತ ನೆತ್ತಿಗೇರಿತು. ಮಾತು ನಿಜವಾದರೆ ಮೂವತ್ತು ವರ್ಷದಲ್ಲಿ ಗಳಿಸಿದ ಹೆಸರು ಮಣ್ಣುಪಾಲು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬೆಣಚಿನ ಹರಳುಗಳು ನಾದಿದ ಹಿಟ್ಟು ಎಳೆದಂತೆ ನೀಳವಾಗಿದ್ದವು. ಪಕ್ಕದ ಗಡಸು ಹರಳುಗಳು ಬಿರುಕು ಬಿಟ್ಟಿದ್ದವು. ಒಂದು ಹರಿಯುವ, ಇನ್ನೊಂದು ಒಡೆಯುವ ಹದದ ಕಾವಿನಲ್ಲಿ, ನೆಲದಾಳದಲ್ಲಿ ಹಿಸುಕಿಸಿಕೊಂಡು ಆಮೇಲೆ ಮೇಲೆದ್ದು ಬಂದ ಬಂಡೆ. ನಡುವೆ ಗಾರ್ನೆಟ್ ಎಂಬ ಕೆಂಪು ಹರಳು. ಬೆಳೆಯುತ್ತಲೇ ಉರುಳಿದ್ದರಿಂದ ಅದರ ಹೊಟ್ಟೆಯೊಳಗಿನ ಕಣಗಳ ಸಾಲು ಸುರುಳಿಯಾಗಿತ್ತು. ಅದೇ ಬೆಟ್ಟದ ಹತ್ತು ಕಲ್ಲುಗಳಲ್ಲಿ ಸುರುಳಿ ಬಲಕ್ಕೆ, ಇದೊಂದರಲ್ಲಿ ಎಡಕ್ಕೆ, ಬಿಲ್ಲೆ ಮಗುಚಿದರೆ ಕಾಣುವ ಹಾಗೆ.

“ಕಚ್ಚು ಎಲ್ಲಿದೆ ನೋಡಿ ಸ್ವಾಮಿ.”

ಬಲ ಮೇಲ್ಮೂಲೆಯಲ್ಲೇ ಇತ್ತು; ಬಿಲ್ಲೆ ಮಗುಚಿದ್ದರೆ ಎಡಕ್ಕೆ ಬರಬೇಕಿತ್ತು.

“ಹಾಗಾದ್ರೆ ಬೆಟ್ಟದ್ದೇ ತಪ್ಪು ಅಂತೀರಾ?”

“ಬೆಟ್ಟದ ತಲೆಗೆ ಯಾಕೆ ಕಟ್ತೀರಿ? ಕಲ್ಲಿನ ಮೇಲೆ ಬಾಣ ಬರೆದು ಇದೇ ಮೇಲ್ಗಡೆ ಅಂದವರು ಯಾರು?”

“ನಾನೇ.”

ಸೀಳಿ ಉಳಿದ ತುಂಡುಗಳನ್ನು ಅವಳು ಎಸೆದವಳೇ ಅಲ್ಲ. ಕಪಾಟಿನಿಂದ ಈ ಕಲ್ಲಿನದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು. ಬಾಣ ತೋರಿಸಿದ ಮೇಲ್ಭಾಗ ಬೋಳು. ಅಡಿಯಲ್ಲಿ ಬೂದು ಬಣ್ಣದ ಕಲ್ಲುಹೂವಿನ ಹಕ್ಕಳೆ.

“ಕಲ್ಲುಹೂವು ಬಿಸಿಲಿಗೆ ಮುಖ ಮಾಡಿ ಬೆಳೆಯುತ್ತೋ, ಮಣ್ಣಿಗೋ? ಇದು ನೆಲಕ್ಕೆ ಅಂಟಿದ್ದ ಬಂಡೆ ಅಲ್ಲ ಮೇಷ್ಟ್ರೇ, ಉರುಳಿ ಮಗುಚಿಕೊಂಡ ಗುಂಡು. ಬೋರಲು ಬಿದ್ದವನ ಬೆನ್ನು ನೋಡಿ ಇದೇ ಮುಖ ಅಂತ ಬರ್ಕೊಂಡಿದ್ದೀರಿ!”

ಮೇಷ್ಟ್ರು ಟಿಪ್ಪಣಿ ಪುಸ್ತಕ ತಿರುವಿದರು. ‘ಇಳಿಜಾರಿನ ಬುಡ. ಜೋರು ಮಳೆ, ಅವಸರ’ ಎಂದಿತ್ತು. ನಾಲಗೆ ಕಚ್ಚಿಕೊಂಡರು.

“ಕನ್ನಡಕ ನನಗೇ ಬೇಕು ಅಕ್ಕ.”

“ಬೇಕಾದ್ರೆ ನಂದೇ ಹಾಕ್ಕೊಳ್ಳಿ. ಚೆನ್ನಾಗೇ ಕಾಣುತ್ತೆ.”

ಅಂದಿನಿಂದ ಎಂಥ ಪಂಡಿತರು ಕಲ್ಲು ತಂದರೂ ಸಾಣೆಯಕ್ಕ ಬಾಗಿಲಲ್ಲೇ ತಡೆದು ಕೇಳುತ್ತಾಳೆ: “ಅಂಟಿದ್ದೋ, ಉರುಳಿದ್ದೋ?” ಉತ್ತರ ಸಿಗುವ ತನಕ ಗರಗಸ ತಿರುಗುವುದಿಲ್ಲ. ಮೇಷ್ಟ್ರಂತೂ ಮೆಟ್ಟಿಲ ಮೇಲಿಂದಲೇ ಕೂಗಿಕೊಂಡು ಇಳಿಯುತ್ತಾರೆ: “ಅಂಟಿದ್ದೇ ಅಕ್ಕಾ, ಅಂಟಿದ್ದೇ!”